ಒಂದು ವಿಮಾನ, ಏಳು ಚುಕ್ಕೆ

ಬೋಳುಗುಡ್ಡದ ಮೇಲೊಂದು ರಾಡಾರ್. ಅದರ ಆಂಟೆನಾ ಸುತ್ತುತ್ತಾ ಆಕಾಶಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ: 'ಯಾರು ನೀನು?' ವಿಮಾನ ತನ್ನ ಸಂಖ್ಯೆ ಹೇಳುತ್ತದೆ. ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ.

ಚನ್ನವೀರಯ್ಯನವರು ಆಂಟೆನಾ ಪರೀಕ್ಷಿಸುತ್ತಲೇ ತಲೆ ನರೆತವರು. ಚಹಾ ಎಂದರೆ ಅವರಿಗೆ ಪ್ರಾಣ. ಶಿಷ್ಯೆ ಶಾಲ್ಮಲಾ ಅಂದು ಸಂಜೆಯೊಳಗೆ ಆಂಟೆನಾ ಸರಿಯಿದೆಯೆಂದು ಸಹಿ ಹಾಕಬೇಕಿತ್ತು. ಅದು ಅವಳ ಮೊದಲ ಸಹಿ. ತಪ್ಪಿದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಪರೀಕ್ಷೆಗೆಂದು ಒಂದೇ ವಿಮಾನ ಗುಡ್ಡದ ಹತ್ತಿರ ಹಾರುತ್ತಿತ್ತು. ಪರದೆಯ ಮೇಲೆ ಮಾತ್ರ ಏಳು ಚುಕ್ಕೆಗಳು ನಡುವಿನ ರಾಡಾರನ್ನು ಬಳೆಯ ಹಾಗೆ ಸುತ್ತುವರಿದು ನಿಂತಿದ್ದವು.

"ವಿಮಾನದ್ದೇ ತಪ್ಪು ಗುರುಗಳೇ," ಎಂದಳು, ಅಳು ತಡೆದುಕೊಂಡು. "ಅದರ ಕಡೆ ತಿರುಗಿ ಕೇಳದಿದ್ದರೂ ಉತ್ತರ ಕೊಡ್ತಿದೆ."

"ಪ್ರಶ್ನೆ ಕಳಿಸೋ ಶಕ್ತಿ ಎಷ್ಟಿಟ್ಟಿದ್ದೀಯ?"

"ಪೂರ್ತಿ ಇಟ್ಟಿದ್ದೀನಿ. ದೂರದವಕ್ಕೂ ಕೇಳಿಸಲಿ ಅಂತ."

ಗುರುಗಳು ಅವಳನ್ನು ಅಂಗಳಕ್ಕೆ ಕರೆತಂದರು. ಗೇಟಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದರು: "ಚಹಾ ಬೇಕಾ?"

"ಬೇಕು," ಎಂದಳು ಪಕ್ಕದಲ್ಲಿದ್ದ ಶಾಲ್ಮಲಾ.

ಅವರು ಕಣಿವೆಯ ಕಡೆ ತಿರುಗಿದರು. "ಚಹಾ ಬೇಕಾ?"

"ಬೇಕು ಗುರುಗಳೇ."

ಅವಳಿಗೇ ಬೆನ್ನು ಹಾಕಿ ಮತ್ತೆ ಕೂಗಿದರು.

"ಬೇಕು ಅಂದೆನಲ್ಲ!"

ಅಡುಗೆಯ ಹುಸೇನಪ್ಪ ಮೂರು ಲೋಟ ಚಹಾ ತಂದು ಮೂರನ್ನೂ ಅವಳ ಮುಂದಿಟ್ಟ. "ಮೂರು ಸಲ 'ಬೇಕು' ಅಂತ ಕೇಳಿಸ್ತಮ್ಮ."

ಶಾಲ್ಮಲಾ ಲೋಟಗಳನ್ನು ನೋಡಿದಳು. ಗುರುಗಳನ್ನು ನೋಡಿದಳು. ನಗು ತಡೆಯಲಾಗಲಿಲ್ಲ.

"ನೀವು ಅತ್ತ ತಿರುಗಿದ್ದರೂ ಪಕ್ಕದಲ್ಲಿದ್ದ ನನಗೆ ಕೇಳಿಸಿತು," ಎಂದಳು. "ತಪ್ಪು ವಿಮಾನದ್ದಲ್ಲ. ನನ್ನ ಅಬ್ಬರದ್ದು."

"ಆಂಟೆನಾ ನೋಡೋ ಕಡೆ ಶಕ್ತಿ ಅಳೆದಿದ್ದೀಯ. ನೋಡದ ಕಡೆ?"

ಶಾಲ್ಮಲಾ ಒಳಗೆ ಓಡಿದಳು. ಶಕ್ತಿ ತಗ್ಗಿಸಿದಳು. ಆಂಟೆನಾದ ಎದುರು, ಪಕ್ಕ, ಬೆನ್ನು, ಎಲ್ಲ ಕಡೆಯೂ ಅಳೆದಳು. ದೂರ ಹೋದ ವಿಮಾನವೂ ಉತ್ತರ ಕೊಟ್ಟಿತು, ಹತ್ತಿರ ಬಂದಾಗಲೂ ಅದು ಒಂದೇ ಚುಕ್ಕೆಯಾಗಿತ್ತು. ಹೊತ್ತು ಮುಳುಗುವ ಮುಂಚೆ ಸಹಿ ಬಿತ್ತು.

ಅವಳು ಕಾಗದ ಹಿಡಿದು ಅಂಗಳಕ್ಕೆ ಹಾರಿಬಂದಳು. "ಗುರುಗಳೇ, ಒಂದೇ! ಒಂದೇ!"

ಗೇಟಿನ ಕಾವಲುಗಾರ ಓಡಿಬಂದ. ಹುಸೇನಪ್ಪ ಸೌಟು ಹಿಡಿದೇ ಬಂದ. ಕಣಿವೆಯಲ್ಲಿ ಕುರಿ ಕಾಯುತ್ತಿದ್ದ ಮುದುಕಿಯೂ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದಳು.

ಶಾಲ್ಮಲಾ ನಾಲಿಗೆ ಕಚ್ಚಿಕೊಂಡಳು. "ಕ್ಷಮಿಸಿ ಗುರುಗಳೇ. ಮತ್ತೆ ಎಲ್ಲ ಕಡೆಗೂ ಕೂಗಿಬಿಟ್ಟೆ."

ಚನ್ನವೀರಯ್ಯನವರು ಆರಿಹೋಗಿದ್ದ ಮೂರನೆಯ ಲೋಟ ಎತ್ತಿಕೊಂಡರು.

"ಪ್ರಶ್ನೆಗೆ ದಿಕ್ಕು ಬೇಕು ತಾಯಿ. ಸಂತೋಷಕ್ಕೆ ಯಾಕೆ? ಇನ್ನೊಂದು ಸಲ ಕೂಗು."