ಪಾದವಿದ್ದ ಗೋಡೆ, ತಲೆಯಿದ್ದ ಗೋಡೆ

“ಕೇಳಿರಯ್ಯಾ ಕೇಳಿರಿ! ಮಹಾರಾಜ ಧವಳಾಂಕರ ಗಣಿತಗ್ರಂಥ ಸಿದ್ಧವಾಗುತ್ತಿದೆ. ಆಜ್ಞೆ ಬರೆದರೆ ಪುಟ ಜೋಡಿಸುವ ಯಂತ್ರವನ್ನು ಬಲ್ಲವರು ಬನ್ನಿ. ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಚಂದಲೆಯೂ ಕೇಳಿದ ಬಹುಮಾನವೂ ಉಂಟು. ತಪ್ಪಿದವನ ತಲೆ ಕೋಟೆಬಾಗಿಲಿಗೆ!”

ಡಂಗುರ ಕೇಳಿ ಹೋದ ಕುಂಬಾರರ ಬೂಚಣ್ಣ ಹಿಂತಿರುಗಲಿಲ್ಲ. ತಮ್ಮ ಜಕ್ಕಣ್ಣ ಹುಡುಕಿಕೊಂಡು ಬಂದಾಗ ಅಣ್ಣನ ತಲೆ ಬಾಗಿಲ ಮೇಲೆ ತೂಗುತ್ತಿತ್ತು. ನೊಣ ಮುತ್ತಿತ್ತು, ತುಟಿಯಿಂದ ಹುಳ ಉದುರುತ್ತಿತ್ತು. ಅದರಡಿಯಲ್ಲೇ ಕಾವಲುಗಾರರು ಕೂತು ರೊಟ್ಟಿ ತಿನ್ನುತ್ತಿದ್ದರು. ಆ ಯಂತ್ರದ ಕೆಲಸವನ್ನು ಅಣ್ಣನ ಜೊತೆಗೇ ಮಠದಲ್ಲಿ ಕಲಿತವನು ಜಕ್ಕಣ್ಣ. ನೆಟ್ಟಗೆ ಒಳಗೆ ನಡೆದ.

ಸಭೆಯಲ್ಲಿ ದೊರೆ ಮೂಗಿಗೆ ಅತ್ತರಿನ ವಸ್ತ್ರ ಹಿಡಿದು ಕೇಳುತ್ತಿದ್ದ: “ಎರಡು ಗೋಡೆ. ಬುಡದಲ್ಲಿ ಒಳಕ್ಕೆ ಚಾಚಿದ ಪಾದವಿದೆ, ಮೇಲೆ ಏನೂ ಇಲ್ಲ. ನಡುವೆ ನಿಂತ ಮೂರೂಮುಕ್ಕಾಲು ಮೂರಾಗುತ್ತದೆ. ಏನದು?”

“ಬಾವಿ, ಪ್ರಭು,” ಎಂದ ಪಾಳೆಯಗಾರನ ಮಗ. ಅವನನ್ನು ಎಳೆದೊಯ್ದರು. “ಗೋರಿ,” ಎಂದ ಇನ್ನೊಬ್ಬ. ಅವನೂ ಹೋದ. ಹೊರಗಿನಿಂದ ಕೊಡಲಿಯ ಸದ್ದು ಕೇಳಿ ದೊರೆ ನಕ್ಕ.

“ಸಂಖ್ಯೆಯನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ‘ನೆಲ’ ಎಂಬ ಆವರಣಚಿಹ್ನೆ,” ಎಂದ ಜಕ್ಕಣ್ಣ.

ದೊರೆ ತಲೆಯೆತ್ತಿದ. “ಪಾದವಿಲ್ಲ, ಮೇಲೆ ಒಳಕ್ಕೆ ಬಾಗಿದ ತಲೆಯಿದೆ. ನಡುವೆ ನಿಂತ ಮೂರೂಕಾಲು ನಾಲ್ಕಾಗುತ್ತದೆ. ಇದೇನು?”

“ಮೇಲಿನ ಪೂರ್ಣಾಂಕಕ್ಕೆ ಏರಿಸುವ ‘ಚಾವಣಿ’ ಎಂಬ ಆವರಣಚಿಹ್ನೆ.”

“ಒಳಗೆ ಎತ್ತರದ ಭಿನ್ನರಾಶಿ ನಿಂತಿದೆ. ಗೋಡೆ ಗಿಡ್ಡವಾಗಿ ಅದರ ತಲೆ ಹೊರಗಿಣುಕುತ್ತಿದೆ. ಅಳತೆ ಹೇಳದೆ ಗೋಡೆ ಬೆಳೆಸುವುದು ಹೇಗೆ?”

ಬೂಚಣ್ಣ ಸೋತದ್ದು ಇಲ್ಲೇ ಎಂದು ಯಾರೋ ಪಿಸುಗುಟ್ಟಿದರು. ಜಕ್ಕಣ್ಣ ಒಂದು ಹೆಜ್ಜೆ ಮುಂದಿಟ್ಟ.

“ಎಡಗೋಡೆಯ ಚಿಹ್ನೆಗೆ ಮುಂಚೆ ‘ಎಡ’, ಬಲಗೋಡೆಯ ಚಿಹ್ನೆಗೆ ಮುಂಚೆ ‘ಬಲ’ ಎಂಬ ಆಜ್ಞೆ ಬರೆಯಬೇಕು. ಒಳಗಿರುವುದರ ಎತ್ತರಕ್ಕೆ ಯಂತ್ರವೇ ಗೋಡೆ ಏರಿಸುತ್ತದೆ. ಜೋಡಿಯಲ್ಲಿ ಒಂದು ಮರೆತರೂ ಕೆಲಸ ಅಲ್ಲೇ ನಿಲ್ಲುತ್ತದೆ.”

“ಭೇಷ್! ಕುಮಾರಿ ನಿನ್ನವಳು. ಇನ್ನೇನು ಬೇಕು?”

ಸಿಂಹಾಸನದ ಪಕ್ಕದಲ್ಲಿ ಕೂತಿದ್ದ ಚಂದಲೆ ತಲೆ ತಗ್ಗಿಸಿದಳು. ಜಕ್ಕಣ್ಣ ಅವಳಿಗೆ ಕೈಮುಗಿದ. “ತಪ್ಪು ತಿಳಿಯಬೇಡಿ ತಾಯಿ. ಈ ಮನೆಯ ನೀರೂ ನನ್ನ ಗಂಟಲಲ್ಲಿ ಇಳಿಯದು.” ದೊರೆಯತ್ತ ತಿರುಗಿದ. “ಬಾಗಿಲ ಮೇಲಿನ ತಲೆಗಳನ್ನು ಇಳಿಸಬೇಕು. ಆಳುಗಳಲ್ಲ, ತಾವು. ಬರಿಗೈಯಲ್ಲಿ.”

ಮಾತು ಕೊಟ್ಟಾಗಿತ್ತು, ಸಭೆಯೆಲ್ಲ ನೋಡುತ್ತಿತ್ತು. ಧವಳಾಂಕ ಏಣಿ ಹತ್ತಿದ. ಬೂಚಣ್ಣನ ಕೂದಲು ಹಿಡಿದೊಡನೆ ಚರ್ಮ ಕೈಗೆ ಅಂಟಿ ಬಂತು. ದೊರೆ ಏಣಿಯ ಮೇಲೆಯೇ ಕಾರಿಕೊಂಡ, ರೇಷ್ಮೆ ನಿಲುವಂಗಿಯೆಲ್ಲ ಹೊಲಸಾಯಿತು.

“ಇನ್ನೂ ಇವೆ,” ಎಂದು ಜಕ್ಕಣ್ಣ ಕೆಳಗಿನಿಂದ ಪಂಚೆ ಹರವಿ ಹಿಡಿದ.