ರೂಟರಿನಲ್ಲಿ ಇಲ್ಲದ ಸಾಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಾವು ಕರೆಯುತ್ತಲೇ ಇದ್ದೇವೆ, ಎದುರಿನವರು ಓಗೊಡುವುದಿಲ್ಲ. ಅವರು ನಮ್ಮನ್ನು ಬಿಟ್ಟರೆಂದು ತಿಳಿಯಬಹುದೇ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ಅವರ ತಂದೆ ತತ್ವಪದ ಹಾಡುವವರು. ತಂದೆ ತೀರಿಕೊಂಡ ಮೇಲೆ ಮಕ್ಕಳು ಒಂದೇ ಅಂಗಳದಲ್ಲಿ ಎರಡು ಮನೆ ಮಾಡಿಕೊಂಡರು. ನಡುವೆ ತಂದೆಯ ಭಜನೆಯ ಕೊಠಡಿ ಹಾಗೆಯೇ ಉಳಿಯಿತು. ತಂದೆಯ ಹಾಡುಗಳೆಲ್ಲ ತಮ್ಮನ ಮನೆಯಲ್ಲಿದ್ದ ಒಂದು ಸಣ್ಣ ಪೆಟ್ಟಿಗೆಯಂಥ ಯಂತ್ರದಲ್ಲಿ ತುಂಬಿದ್ದವು.

ತಂದೆಯ ದನಿಯ ಹಿಂದೆ ದನಿ ಸೇರಿಸಿ ಹಾಡುವುದು ಅಣ್ಣನ ಬೆಳಗಿನ ಅಭ್ಯಾಸ. ಅದಕ್ಕಾಗಿ ಅವನು ಎರಡು ಮನೆಗಳಿಂದಲೂ ಕೊಠಡಿಗೆ ತಂತಿ ಎಳೆದಿದ್ದ. ಮೂರು ಕಡೆಯೂ ಒಂದೊಂದು ವೈಫೈ ರೂಟರ್ ಇತ್ತು. ಪಕ್ಕದಲ್ಲೇ ಇನ್ನೊಂದು ಮನೆ ಇದೆಯೆಂದು ಮನೆಯ ರೂಟರಿಗೆ ತಾನಾಗಿ ತಿಳಿಯುವುದಿಲ್ಲ. ಅದು ಬಲ್ಲದ್ದು ಹೊರಗಿನ ಇಂಟರ್‌ನೆಟ್ ಒಂದನ್ನೇ. ಆದ್ದರಿಂದ ಅಣ್ಣ ತನ್ನ ರೂಟರಿನಲ್ಲಿ, ತಮ್ಮನ ಮನೆಗೆ ಹೋಗಬೇಕಾದದ್ದು ಕೊಠಡಿಯ ಮೂಲಕ ಹೋಗಲಿ ಎಂದು ಒಂದು ಸಾಲು ಬರೆದ. ತಮ್ಮನ ರೂಟರಿನಲ್ಲಿ, ಅಣ್ಣನ ಮನೆಗೆ ಬರಬೇಕಾದದ್ದು ಕೊಠಡಿಯ ಮೂಲಕ ಬರಲಿ ಎಂದು ಇನ್ನೊಂದು ಸಾಲು ಬರೆದ. ಹೀಗೆ ಕೈಯಾರೆ ಬರೆದಿಟ್ಟ ದಾರಿಗೆ ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಒಮ್ಮೆ ಬರೆದ ಮೇಲೆ ಅಣ್ಣ ಅದನ್ನು ಮರೆತ. ತಮ್ಮನೂ ಮರೆತ. ಎಷ್ಟೋ ವರ್ಷ ಹಾಡು ಬಂತು.

ಒಂದು ದಿನ ಇಬ್ಬರಿಗೂ ಸಣ್ಣ ಮಾತು ಬಂತು. ತಂದೆಯ ಹಾಡುಗಳನ್ನು ಎಲ್ಲರೂ ಕೇಳುವಂತೆ ಇಂಟರ್‌ನೆಟ್ಟಿಗೆ ಹಾಕೋಣ ಎಂದ ತಮ್ಮ. ಬೇಡ ಎಂದ ಅಣ್ಣ. ಮಾತು ಅಲ್ಲಿಗೇ ನಿಂತಿತು.

ಅದೇ ವಾರ ಸಿಡಿಲು ಬಡಿದು ತಮ್ಮನ ರೂಟರ್ ಸುಟ್ಟಿತು. ಅವನು ಹೊಸದನ್ನು ತಂದು, ಹಳೆಯದರ ಹೆಸರು, ವಿಳಾಸಗಳನ್ನೇ ಕೊಟ್ಟು ಕೂರಿಸಿದ. ತನ್ನ ಮನೆಯಲ್ಲಿ ಹಾಡು ಕೇಳಿಸಿತು. ಎಲ್ಲ ಸರಿಯಾಯಿತು ಎಂದುಕೊಂಡ. ಅಣ್ಣ ಬರೆದಿದ್ದ ಸಾಲು ಸುಟ್ಟ ರೂಟರಿನ ಜೊತೆಗೇ ಹೋಯಿತೆಂಬುದು ಅವನಿಗೆ ಹೊಳೆಯಲಿಲ್ಲ.

ಮರುದಿನ ಅಣ್ಣನ ಮನೆಗೆ ಹಾಡು ಬರಲಿಲ್ಲ. ಅವನು ತನ್ನ ರೂಟರನ್ನು ತೆರೆದು ನೋಡಿದ. ಸಾಲು ಬರೆದಂತೆಯೇ ಇತ್ತು. ಕೊಠಡಿಯ ರೂಟರನ್ನೂ ನೋಡಿದ. ಅಲ್ಲಿಯೂ ಕೊರತೆಯಿರಲಿಲ್ಲ. ಆಗ ಅವನಿಗೆ ಅಂದಿನ ಮಾತು ನೆನಪಾಯಿತು. ತಮ್ಮ ಹಾಡಿಗೆ ಬೀಗ ಹಾಕಿದ್ದಾನೆ ಎಂದು ತಿಳಿದ.

ಹೆಂಡತಿ ಹೇಳಿದಳು: "ಒಂದು ಮಾತು ಕೇಳಿ ಬನ್ನಿ. ದೂರವೇನೂ ಇಲ್ಲ."

"ಕೇಳುವುದೇನಿದೆ? ನನ್ನ ಕಡೆಯದೆಲ್ಲ ಸರಿಯಾಗಿದೆ" ಎಂದ ಅವನು.

ಕೆಲವು ದಿನ ಮತ್ತೆ ಮತ್ತೆ ಹಾಡು ಹಾಕಿ ನೋಡಿದ. ಆಮೇಲೆ ಅದನ್ನೂ ಬಿಟ್ಟ. ಹಾಡುವುದನ್ನೂ ಬಿಟ್ಟ. ಬೆಳಗಿನಲ್ಲಿ ಅಣ್ಣನ ದನಿ ಕೇಳದೆ ತಮ್ಮ ಎದುರು ಮನೆಯ ಕಡೆ ನೋಡುತ್ತಿದ್ದ. ಅಂದಿನ ಮಾತಿಗೆ ಅಣ್ಣ ಇಷ್ಟು ನೊಂದನೇ ಎಂದು ಅವನಿಗೂ ನೋವಾಯಿತು. ಎದುರಿಗೆ ಸಿಕ್ಕಾಗ ಇಬ್ಬರೂ ತಲೆ ತಗ್ಗಿಸಿ ಹೋದರು. ಹಬ್ಬಗಳು ಬೇರೆ ಬೇರೆಯಾಗಿ ಕಳೆದವು.

ತಂದೆಯ ಪುಣ್ಯತಿಥಿ ಬಂತು. ಅಂದು ಕೊಠಡಿಯಲ್ಲಿ ಹಾಡುವುದು ಹಿರಿಯ ಮಗನ ಪಾಲಿನ ಸೇವೆ. ಊರಿನವರು ಬಂದು ಕುಳಿತರು. ಅಣ್ಣ ಪದ ಎತ್ತಿಕೊಂಡ. ಎರಡನೆಯ ನುಡಿಗೆ ಬರುವಾಗ ಅವನಿಗೆ ಸೊಲ್ಲು ಮರೆತುಹೋಯಿತು. ಎಷ್ಟು ತಡಕಿದರೂ ಸಿಗಲಿಲ್ಲ. ಬಾಗಿಲ ಬಳಿ ಕುಳಿತಿದ್ದ ತಮ್ಮ ಕುಳಿತಲ್ಲಿಂದಲೇ ಆ ನುಡಿಯನ್ನು ಹಾಡಿದ. ಅಣ್ಣ ಅವನ ದನಿಗೆ ದನಿ ಸೇರಿಸಿ ಪದ ಮುಗಿಸಿದ.

ಜನ ಎದ್ದು ಹೋದ ಮೇಲೆ ಅಣ್ಣ ಕೇಳಿದ: "ಅಪ್ಪನ ಹಾಡನ್ನು ನನಗೇಕೆ ಮುಚ್ಚಿದೆ?"

ತಮ್ಮ ಬೆರಗಾದ. "ನಾನು ಮುಚ್ಚಲಿಲ್ಲ, ಅಣ್ಣ. ನೀನೇ ಕೇಳುವುದನ್ನು ಬಿಟ್ಟೆ ಎಂದುಕೊಂಡಿದ್ದೆ" ಎಂದ.

ಇಬ್ಬರೂ ತಮ್ಮನ ಮನೆಗೆ ಹೋದರು. ಅಣ್ಣನ ಹೆಂಡತಿ ತನ್ನ ಮನೆಯಲ್ಲಿ ಹಾಡು ಹಾಕಿದಳು. ಪೆಟ್ಟಿಗೆಯ ದೀಪ ಮಿನುಗಿತು. ಕರೆ ಬಂದಿತ್ತು, ಪೆಟ್ಟಿಗೆ ಓಗೊಟ್ಟಿತ್ತು. ಆದರೂ ಎದುರು ಮನೆಯಲ್ಲಿ ಹಾಡು ಕೇಳಿಸಲಿಲ್ಲ. ಅಣ್ಣ ಹೊಸ ರೂಟರನ್ನು ತೆರೆದು ನೋಡಿದ. ತಾನು ಬರೆದ ಸಾಲು ಅಲ್ಲಿರಲಿಲ್ಲ. ಅಣ್ಣನ ಮನೆ ಎಲ್ಲಿದೆಯೆಂದು ಅರಿಯದ ಆ ರೂಟರ್ ಪ್ರತಿಯೊಂದು ಉತ್ತರವನ್ನೂ ಹೊರಗಿನ ಇಂಟರ್‌ನೆಟ್ಟಿಗೆ ಕಳಿಸಿ ಕಳೆದುಬಿಡುತ್ತಿತ್ತು.

ಅಣ್ಣ ಆ ಸಾಲನ್ನು ಮತ್ತೆ ಬರೆದ. ಸ್ವಲ್ಪ ಹೊತ್ತಿಗೆ ಅವನ ಮನೆಯಿಂದ ತಂದೆಯ ದನಿ ಕೇಳಿಬಂತು. ಇಬ್ಬರೂ ಹೊಸ್ತಿಲಲ್ಲಿ ಕುಳಿತು ಕೇಳಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೊಂಚ ಯೋಚಿಸಿ, "ಹಾಗಾದರೆ ಅಣ್ಣನದು ತಪ್ಪೇನೂ ಇರಲಿಲ್ಲ, ಗುರುಗಳೇ. ಅವನ ದಾರಿ ಸರಿಯಾಗಿಯೇ ಇತ್ತು" ಎಂದ.

"ಸರಿಯಾಗಿಯೇ ಇತ್ತು, ಅದಕ್ಕೇ ಅವನು ಅಂಗಳ ದಾಟಲಿಲ್ಲ" ಎಂದರು ಗುರುಗಳು.