ಸಾಹೇಬನಿಗಾಗಿ ಅತ್ತ ಅಜ್ಜಿ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಮಳೆಗಾಲ ಕಳೆದ ಮೇಲೆ ಮರುಭೂಮಿಯ ಗಾಳಿ ಬೀಸುತ್ತದೆ. ಧೂಳಿನ ಮಬ್ಬಿನಲ್ಲಿ ಹುಲ್ಲುಗಾವಲೆಲ್ಲ ಕನಸಿನ ಹಾಗೆ ತೇಲುತ್ತಿರುತ್ತದೆ. ಅಂಥದೊಂದು ಬೆಳಗ್ಗೆ ಹೊಸ ಜಿಲ್ಲಾಧಿಕಾರಿ ಪೊಲೀಸರನ್ನೂ ಕೊಡಲಿ ಹಿಡಿದ ಆಳುಗಳನ್ನೂ ಕರೆದುಕೊಂಡು ಊರಿಗೆ ಬಂದ.

"ಈ ಶಿಯಾ ಮರ ಕಡೀರಿ. ನನ್ನ ಕಚೇರಿ ಇಲ್ಲೇ ಏಳಬೇಕು!"

ಆ ಮರದ ಬೀಜದಿಂದ ಬೆಣ್ಣೆ ತೆಗೆದು ಮಾರಿಯೇ ತೋಯೆ ಅಜ್ಜಿ ಬದುಕಿದ್ದಳು. ಅವಳು ಸಾಮೊ ಜನದವಳು, ಅಧಿಕಾರಿ ಮೋಸಿ ಜನದವನು. ಈ ಎರಡು ಜನಾಂಗಗಳ ನಡುವೆ ತಲೆತಲಾಂತರದಿಂದ ಗೇಲಿಯ ನಂಟು. ಒಬ್ಬರು ಏನೇ ಅಂದರೂ ಇನ್ನೊಬ್ಬರು ಸಿಟ್ಟಾಗುವಂತಿಲ್ಲ. ಸಾವಿನ ಮನೆಯಲ್ಲೂ ಆ ಗೇಲಿ ನಿಲ್ಲುವುದಿಲ್ಲ; ಸತ್ತವರ ಬಟ್ಟೆ ತೊಟ್ಟು ಅಣಕಿಸುತ್ತಾರೆ.

ಅಜ್ಜಿ ಮೆಲ್ಲಗೆ ಬಂದು ಅಧಿಕಾರಿಯ ಟೋಪಿ ಎತ್ತಿ ತನ್ನ ತಲೆಗೆ ಇಟ್ಟುಕೊಂಡಳು. ಮರದ ಬುಡದಲ್ಲಿ ಕೂತು ಎದೆ ಬಡಿದುಕೊಂಡಳು.

"ಅಯ್ಯೋ, ನಮ್ಮ ಮೋಸಿ ಹೋಗಿಬಿಟ್ಟನಲ್ಲಪ್ಪೋ!"

"ಏನಜ್ಜಿ ಇದು? ನಾನು ಇಲ್ಲೇ ಇದ್ದೀನಿ!"

"ಸುಮ್ಮನಿರು, ಹೆಣ ಮಾತಾಡಬಾರದು. ಜೀವ ಇರೋ ಮೋಸಿ ಯಾವನಾದ್ರೂ ಹಣ್ಣು ಬಿಡೋ ಶಿಯಾ ಮರಕ್ಕೆ ಕೊಡಲಿ ಹಾಕಿಸ್ತಾನಾ?"

ಪೊಲೀಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮರ ಕಡಿಯಲು ಬಂದವನೊಬ್ಬ ಕೊಡಲಿ ಕೆಳಗಿಟ್ಟು, "ಅಜ್ಜಿ, ಗುಂಡಿ ಎಲ್ಲಿ ತೋಡೋಣ?" ಎಂದು ಕೇಳಿದ.

ಅಧಿಕಾರಿಯ ಮುಖ ಬಿಗಿಯಿತು. ಸಿಟ್ಟಾದರೆ ಊರೆದುರು ಮಾನ ಹೋಗುತ್ತದೆ. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

"ಬದುಕಿದ್ದೀನಿ ಕಣಜ್ಜಿ! ಕಚೇರಿ ಆಚೆ ಬಯಲಲ್ಲಿ ಕಟ್ಟಿಸ್ತೀನಿ. ಮರ ಮುಟ್ಟಬೇಡ್ರಪ್ಪ!"

ಅಜ್ಜಿ ಎದ್ದು ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು.

"ಉಸಿರು ಬಂತು," ಎಂದಳು. "ಗುಂಡಿ ಬೇಡ ಕಣ್ರೋ."